ಸೂರಿ ನೋಡದ ವಾಕರ್

2022ರ ಮಳೆಗಾಲದಲ್ಲಿ ನಾನು ಜಯನಗರದ ಒಂದು ಮೂಳೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ಮುಖ್ಯಸ್ಥೆ ಎಂದೊಡನೆ ದೊಡ್ಡ ಕೋಣೆ, ತಿರುಗುವ ಕುರ್ಚಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಹಾಲು, ಹಿಡಿದು ನಡೆಯಲು ಎರಡು ಸಾಲು ಕಂಬಿ, ಗೋಡೆಗೆ ಒರಗಿಸಿಟ್ಟ ಊರುಗೋಲುಗಳು ಮತ್ತು ನನ್ನ ದೊಡ್ಡ ಗಂಟಲು, ಇಷ್ಟೇ ನನ್ನ ವಿಭಾಗ. ಆಪರೇಷನ್ ಮಾಡಿದ ಸರ್ಜನ್ನರು ಉತ್ಸವಮೂರ್ತಿಯ ಹಾಗೆ ಬಂದು ದರ್ಶನ ಕೊಟ್ಟು ಹೋಗುತ್ತಾರೆ. ರೋಗಿಯನ್ನು ಎಬ್ಬಿಸಿ, ನಿಲ್ಲಿಸಿ, ಅವರಿಂದ ಬೈಸಿಕೊಂಡು ನಡೆಸುವವರು ನಾವು.

ಬೈಕು ಎಂದರೆ ನನ್ನ ಪಾಲಿಗೆ ನಮಗೆ ಗಿರಾಕಿಗಳನ್ನು ಹೊತ್ತು ತರುವ ವಾಹನ. ಬಿಟಿಎಂ ಲೇಔಟಿನ ಪಿಜಿಯಿಂದ ಹೊರಟ ಹುಡುಗ ಆಫೀಸು ಸೇರುವ ಮೊದಲು ನಮ್ಮ ಕೈಸೇರಿದ್ದು ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ. ಹಾಗಾಗಿ ಗಣೇಶನ ಹಬ್ಬಕ್ಕೆ ಇನ್ನೇನು ಕೆಲವೇ ದಿನ ಇದ್ದಾಗ, "ಮೇಡಂ, ಬೈಕ್ ರೇಸರ್ ಒಬ್ರು ಅಡ್ಮಿಟ್ ಆಗಿದಾರೆ, ಹಿಪ್ ಫ್ರ್ಯಾಕ್ಚರ್" ಎಂದು ನರ್ಸ್ ಹೇಳಿದಾಗ ನಾನು ಇಪ್ಪತ್ತರ ಹುಡುಗನನ್ನು ಬೈಯಲು ಮಾತು ಜೋಡಿಸಿಕೊಂಡೇ ಮೆಟ್ಟಿಲು ಹತ್ತಿದೆ. ಹಾಸಿಗೆಯಲ್ಲಿದ್ದವರಿಗೆ ಎಪ್ಪತ್ತು ದಾಟಿತ್ತು. ಆರಡಿ ಎತ್ತರ, ಬೆಳ್ಳಗಿನ ಮೀಸೆ, ಮಂಚದ ತುದಿ ಮೀರಿ ಹೊರಗೆ ಬಂದಿದ್ದ ಪಾದಗಳು. ಹೆಸರು ವೆಂಕಟೇಶ್. ಹಬ್ಬಕ್ಕೆಂದು ಮನೆಯ ಜೇಡರ ಬಲೆ ತೆಗೆಯಲು ಸ್ಟೂಲ್ ಹತ್ತಿ ಬಿದ್ದಿದ್ದರು.

"ಮದರಾಸಿನ ರನ್‌ವೇಲಿ ನೂರರ ಮೇಲೆ ಹೋಗ್ತಿದ್ದೋನು ಮೇಡಂ ಇವ್ನು. ಜೇಡ ಹೊಡೆದಾಕ್ಬುಡ್ತು," ಎಂದು ಪಕ್ಕದಲ್ಲಿ ನಿಂತಿದ್ದ ಒಬ್ಬರು ಹೇಳಿದರು. ಇನ್ನೊಬ್ಬರು ನಕ್ಕರು. ರೋಗಿಯೂ ನಕ್ಕು, ನೋವಿಗೆ ಹಲ್ಲು ಕಚ್ಚಿದರು. ನಾನು ಇಬ್ಬರನ್ನೂ ಹೊರಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಇಬ್ಬರೂ ಮತ್ತೆ ಒಳಗಿದ್ದರು.

ಆ ಇಬ್ಬರ ಪರಿಚಯ ಮಾಡಿಸಲೇಬೇಕು. ಜೇಡದ ಮಾತಾಡಿದವರು ಗೋವಿಂದಣ್ಣ, ಕೋಣನಕುಂಟೆಯವರು. ಅದು ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಅದೇ ಹೊಲದ ಮೇಲೆ ಬಾಡಿಗೆ ಮನೆಗಳು. ನಾನು ಡಾಕ್ಟರಲ್ಲ ಎಂದು ಎಷ್ಟು ತಿದ್ದಿದರೂ ಅವರು ನನ್ನನ್ನು ಡಾಕ್ಟ್ರಮ್ಮ ಎಂದೇ ಕರೆದರು. ನಕ್ಕವರು ಮೋಹನ್, ಕಾರ್ಖಾನೆಯೊಂದರಲ್ಲಿ ಟೂಲ್ ರೂಮ್ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಬಂದ ದಿನವೇ ಕಿರುಗುಟ್ಟುತ್ತಿದ್ದ ನಮ್ಮ ಡ್ರಿಪ್ ಸ್ಟ್ಯಾಂಡಿನ ಚಕ್ರ ಬಿಚ್ಚಿ ಸರಿಮಾಡಿ ಇಟ್ಟಿದ್ದರು. ವೆಂಕಟೇಶರ ಹೆಂಡತಿ ಸರಳಾ ನನಗೆ ಮೊದಲ ದಿನವೇ ಹೇಳಿದರು: "ಇವ್ರ ಜೊತೆ ಸಂಸಾರ ಮಾಡಿದ್ದು ನಾನಲ್ಲ ಮೇಡಂ, ಈ ಗುಂಪು. ನಾನು ಅಡುಗೆ ಮಾಡಿದ್ದೀನಿ ಅಷ್ಟೇ."

ಆಪರೇಷನ್ ಚೆನ್ನಾಗಿಯೇ ಆಯಿತು. ಹೆಮಿ-ಆರ್ಥ್ರೋಪ್ಲಾಸ್ಟಿ ಎನ್ನುತ್ತೇವೆ, ಮುರಿದ ತೊಡೆಮೂಳೆಯ ತಲೆಭಾಗವನ್ನು ತೆಗೆದು ಅಲ್ಲಿ ಲೋಹದ ಗುಂಡೊಂದನ್ನು ಕೂರಿಸುವುದು. ಇದರಲ್ಲಿ ಮೂಳೆ ಕೂಡಲಿ ಎಂದು ತಿಂಗಳುಗಟ್ಟಲೆ ಮಲಗಿ ಕಾಯುವ ಹಾಗಿಲ್ಲ. ಮಾರನೆಯ ದಿನವೇ ಎದ್ದು ನಿಲ್ಲಬೇಕು. ಆ ವಯಸ್ಸಿನಲ್ಲಿ ಮಲಗಿದವರ ತೊಡೆಯ ಸ್ನಾಯು ಬಿಸಿಲಿಗಿಟ್ಟ ಸೊಪ್ಪಿನಂತೆ ಬಾಡುತ್ತದೆ. ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ. ಸೊಂಟ ಮುರಿದ ಹಿರಿಯರನ್ನು ಕೊಲ್ಲುವುದು ಸೊಂಟವಲ್ಲ, ಹಾಸಿಗೆ. ಈ ಮಾತನ್ನು ನಾನು ಎಲ್ಲರಿಗೂ ಹೇಳುವ ಹಾಗೆ ವೆಂಕಟೇಶರಿಗೂ ಹೇಳಿದೆ. ಅವರು ಹೇಳಿದ್ದು ಕೇಳಿದರು, ನಿಂತರು, ಆಸ್ಪತ್ರೆಯ ಭಾರದ ವಾಕರನ್ನು ಬೈಯುತ್ತಲೇ ವಾರ್ಡಿನ ಬಾಗಿಲ ತನಕ ನಡೆದರು. ಒಳ್ಳೆಯ ರೋಗಿ ಎಂದುಕೊಂಡೆ.

ವಾರ್ಡಿನಲ್ಲಿದ್ದ ಆ ದಿನಗಳಲ್ಲಿ ಅವರ ಕಥೆ ಬೇಡವೆಂದರೂ ನನ್ನ ಕಿವಿಗೆ ಬಿತ್ತು. ಕಾಲೇಜು ದಿನಗಳಿಂದ ನಾಲ್ಕು ಜನರ ಗುಂಪು. ಮದರಾಸಿನ ಹತ್ತಿರದ ಹಳೆಯ ವಿಮಾನಪಟ್ಟಿಯಲ್ಲಿ ರೇಸು ನಡೆದಾಗಲೆಲ್ಲ ನಾಲ್ಕು ಬೈಕುಗಳನ್ನು ಒಂದೇ ಲಾರಿಗೆ ಹೇರಿ, ಮೇಲೆ ತಾವೂ ಕೂತು ಹೋಗುತ್ತಿದ್ದರಂತೆ. ಕೋಣನಕುಂಟೆಯ ಹೊಲದಲ್ಲಿ ಗೋವಿಂದಣ್ಣನ ತಂದೆ ದನಗಳಿಗೆ ಕಟ್ಟಿಸಿದ್ದ ಕೊಟ್ಟಿಗೆಯೇ ಇವರ ಶೆಡ್ಡು. ನಾಲ್ಕನೆಯವರ ಹೆಸರು ಸೂರಿ. ಆ ಹೆಸರು ಬಂದಾಗಲೆಲ್ಲ ಮಾತು ಬೇರೆ ಕಡೆ ಹೊರಳುತ್ತಿತ್ತು. ಹೋದ ವರ್ಷ ಕೊರೊನಾದಲ್ಲಿ ತೀರಿಕೊಂಡರು ಎಂದಷ್ಟೇ ನನಗೆ ಗೊತ್ತಾಯಿತು.

ಈ ನಾಲ್ವರಿಗೆ ಒಂದು ಕಟ್ಟಳೆ ಇತ್ತು. ರೇಸಿಗೆ ಮುಂಚೆ ತನ್ನ ಗಾಡಿಯನ್ನು ತಾನೇ ಕೊನೆಯ ಸಲ ನೋಡಿ ಪಾಸು ಮಾಡುವ ಹಾಗಿಲ್ಲ. ಇನ್ನೊಬ್ಬ ನೋಡಬೇಕು. ಇಂಥವನ ಗಾಡಿಯನ್ನು ಇಂಥವನೇ ನೋಡಬೇಕು ಎಂದು ಮೊದಲ ವರ್ಷವೇ ಹಂಚಿಕೊಂಡಿದ್ದರು. ಅದು ಮತ್ತೆ ಬದಲಾಗಲಿಲ್ಲ. ವೆಂಕಟೇಶರದ್ದು ಸೂರಿ ನೋಡುವುದು, ಗೋವಿಂದಣ್ಣನದು ವೆಂಕಟೇಶ್, ಮೋಹನರದ್ದು ಗೋವಿಂದಣ್ಣ, ಸೂರಿಯದು ಮೋಹನ್.

"ನಂದು ನಾನೇ ನೋಡ್ಕೊಂಡ್ರೆ, ಎಲ್ಲಾ ಸರಿಗೈತೆ ಅಂತ್ಲೇ ಕಾಣೋದು ಡಾಕ್ಟ್ರಮ್ಮ. ನಮ್ ಮಕ್ಳು ನಮಗೆ ಚೆಂದ ಕಾಣಲ್ವಾ, ಹಂಗೆ," ಎಂದು ಗೋವಿಂದಣ್ಣ ವಿವರಿಸಿದರು.

ನೋಡಿದವನು ಪ್ರತಿ ನಟ್ಟಿನ ಮೇಲೂ ಅದರ ಪಕ್ಕದ ಲೋಹದ ಮೇಲೂ ಸೇರುವ ಹಾಗೆ ಒಂದು ಗೆರೆ ಉಗುರು ಬಣ್ಣ ಹಚ್ಚುತ್ತಿದ್ದ. ನಟ್ಟು ಸ್ವಲ್ಪ ಸಡಿಲವಾದರೂ ಗೆರೆ ಮುರಿದು ಕಣ್ಣಿಗೆ ಬೀಳುತ್ತದೆ. ಬಣ್ಣದ ಸೀಸೆ ಸೂರಿಯ ಹೆಂಡತಿ ಪದ್ಮಾ ಅವರದು. ಹೊಸದಾಗಿ ಮದುವೆಯಾಗಿ ಬಂದವರ ಡ್ರೆಸ್ಸಿಂಗ್ ಟೇಬಲ್ಲಿನಿಂದ ಎತ್ತಿಕೊಂಡು ಹೋದದ್ದು. ಗೆರೆ ಎಳೆದ ಮೇಲೆ ಪೆಟ್ರೋಲ್ ಟ್ಯಾಂಕ್ ತಟ್ಟಿ "ನೋಡಿದ್ದೀನಿ, ಹತ್ತು" ಎನ್ನಬೇಕು. ಆ ಮಾತು ಕೇಳುವ ತನಕ ಯಾರೂ ಗಾಡಿ ಹತ್ತುತ್ತಿರಲಿಲ್ಲ. ಎಷ್ಟೋ ವರ್ಷ ರೇಸು ಓಡಿದರೂ ಗಾಡಿ ಕೈಕೊಟ್ಟು ಬಿದ್ದವರು ಅವರಲ್ಲಿ ಒಬ್ಬರೂ ಇಲ್ಲ. ತಲೆ ಕೆಟ್ಟು ಬಿದ್ದದ್ದು ಬೇಕಾದಷ್ಟಿದೆ. ನಾನು ಇದನ್ನೆಲ್ಲ ಬ್ಲಡ್ ಪ್ರೆಷರ್ ನೋಡುತ್ತಾ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ.

ವೆಂಕಟೇಶ್ ಜಯನಗರದ ತಮ್ಮ ಮನೆಗೆ ಹೋದರು. ನನ್ನ ಮನೆ ಜೆ.ಪಿ. ನಗರದಲ್ಲಿದ್ದುದರಿಂದ ಸಂಜೆ ಹೋಗುವಾಗ ಅವರಲ್ಲಿಗೆ ಹೋಗಿ ವ್ಯಾಯಾಮ ಮಾಡಿಸಲು ಒಪ್ಪಿಕೊಂಡೆ. ಮೊದಲ ಕೆಲವು ದಿನ ಎಲ್ಲ ಸರಾಗ. ಒಂದು ಸಂಜೆ ನಾನು ಗೇಟು ತೆಗೆದು ಒಳಗೆ ಕಾಲಿಡುವಾಗ ಹಾಲಿನಿಂದ ಗಲಾಟೆ ಕೇಳಿಸಿತು. ಗೋವಿಂದಣ್ಣ, ಮೋಹನ್ ಇಬ್ಬರೂ ಇದ್ದರು. ವೆಂಕಟೇಶರ ಮುಂದೆ ಹೊಸ ವಾಕರ್ ಹೊಳೆಯುತ್ತಿತ್ತು.

ಹೊಸದಲ್ಲ, ಆಸ್ಪತ್ರೆಯಿಂದ ತಂದ ಹಳೆಯದೇ. ಮೋಹನ್ ಅದನ್ನು ಹಿಂದಿನ ದಿನ ಶೆಡ್ಡಿಗೆ ಒಯ್ದಿದ್ದರು. ಗೆಳೆಯ ಭಾರ ಎಂದು ಗೊಣಗಿದ್ದನಲ್ಲ. ರೇಸಿನವರಿಗೆ ತೂಕ ಎಂದರೆ ಹುಟ್ಟಾ ವೈರಿ. ಬ್ರೇಕ್ ಲಿವರಿನಿಂದ ಹಿಡಿದು ಸಿಕ್ಕ ಲೋಹಕ್ಕೆಲ್ಲ ಡ್ರಿಲ್ಲಿನಲ್ಲಿ ತೂತು ಕೊರೆದು ಹಗುರ ಮಾಡುವುದು ಅವರ ಹಳೆಯ ಚಾಳಿ. ಮೋಹನ್ ವಾಕರಿನ ನಾಲ್ಕೂ ಕಾಲುಗಳಿಗೆ ಸಾಲಾಗಿ, ಅಂದವಾಗಿ, ಕೊಳಲಿನ ಹಾಗೆ ತೂತು ಕೊರೆದಿದ್ದರು. ಪಾಲಿಶ್ ಹೊಡೆದು, ಹಿಡಿಕೆಗೆ ಬೈಕಿನ ಗ್ರಿಪ್ ಹಾಕಿದ್ದರು. ಒಂದು ಬೆರಳಲ್ಲಿ ಎತ್ತಬಹುದಿತ್ತು.

"ಕೂತ್ಕೊಳ್ಳಿ!" ಎಂದು ನಾನು ಬಾಗಿಲಿನಿಂದಲೇ ಕೂಗಿದೆ. ಅಷ್ಟರಲ್ಲಿ ವೆಂಕಟೇಶ್ ಎದ್ದಾಗಿತ್ತು. ಅವರ ಪೂರ್ತಿ ಭಾರ ಬಿದ್ದ ಕೂಡಲೇ ಎಡಗಡೆಯ ಮುಂಗಾಲು ತೂತಿನ ಜಾಗದಲ್ಲಿ ಮಡಚಿಕೊಂಡಿತು. ಆ ಎತ್ತರದ ಮನುಷ್ಯ ಪಕ್ಕಕ್ಕೆ ವಾಲಿದರು. ನಾನು ಬ್ಯಾಗು ಎಸೆದು ಓಡಿ ಅವರ ಸೊಂಟ ಹಿಡಿದೆ. ಇಬ್ಬರೂ ದಿವಾನದ ಮೇಲೆ ಬಿದ್ದೆವು. ದೇವರು ದೊಡ್ಡವನು, ದಿವಾನ ಅಲ್ಲಿತ್ತು. ಆ ರಾತ್ರಿಯೇ ಮತ್ತೆ ಎಕ್ಸ್-ರೇ ತೆಗೆಸಿದೆವು. ಲೋಹದ ಗುಂಡು ಕದಲಿರಲಿಲ್ಲ. ಮಣಿಕಟ್ಟು ಊದಿತ್ತು ಅಷ್ಟೇ.

ದಿವಾನದಿಂದ ಎದ್ದವಳೇ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ, "ಇದನ್ನ ಟೆಸ್ಟ್ ಮಾಡಿದ್ದು ಯಾರು? ಅಷ್ಟು ಕಥೆ ಹೇಳ್ತಿದ್ರಲ್ಲ, ಇನ್ನೊಬ್ರು ನೋಡ್ಬೇಕು ಅಂತ. ಇದನ್ನ ಯಾರು ನೋಡಿದ್ರು?" ಎಂದು ಕೇಳಿದೆ.

ಗೋವಿಂದಣ್ಣ ಮೋಹನರ ಮುಖ ನೋಡಿದರು. ಮೋಹನ್ ನೆಲ ನೋಡುತ್ತಿದ್ದರು. ಅವರ ಕೈಗಳು ಮೊದಲ ಬಾರಿಗೆ ಸುಮ್ಮನಿದ್ದವು. "ವೆಂಕೀದು ಸೂರಿ ನೋಡೋದು, ಡಾಕ್ಟ್ರಮ್ಮ," ಎಂದರು ಗೋವಿಂದಣ್ಣ. ಸರಳಾ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಐವತ್ತು ವರ್ಷದ ಅಭ್ಯಾಸ ನೋಡಿ. ಮಾಡುವವನು ಮಾಡಿ ಮುಗಿಸಿ ಪಕ್ಕಕ್ಕೆ ಸರಿದಿದ್ದ, ಹತ್ತುವವನು ಹತ್ತಿದ್ದ, ನಡುವೆ ನಿಲ್ಲಬೇಕಾದವನು ಸತ್ತು ವರ್ಷ ಕಳೆದಿದೆ ಎನ್ನುವುದು ಮೂವರಿಗೂ ಹೊಳೆದಿರಲಿಲ್ಲ.

ಮಾರನೆಯ ದಿನದಿಂದ ವೆಂಕಟೇಶ್ ನಿಲ್ಲಲು ಒಪ್ಪಲಿಲ್ಲ. ಆಸ್ಪತ್ರೆಯಿಂದ ಬೇರೆ ಗಟ್ಟಿ ವಾಕರ್ ತಂದೆ. ನೋಡಿ ಮುಖ ತಿರುಗಿಸಿದರು. ಒಮ್ಮೆ ಬಿದ್ದ ಹಿರಿಯರಲ್ಲಿ ಬೀಳುವ ಭಯ ಕಾಣಿಸಿಕೊಳ್ಳುವುದು ನಮಗೆ ಹೊಸದಲ್ಲ. ಅದಕ್ಕೂ ಒಂದು ಚಿಕಿತ್ಸಾಕ್ರಮವಿದೆ. ಮಂಚದ ಅಂಚಿನಲ್ಲಿ ಕೂರಿಸುವುದು, ಗಟ್ಟಿಯಾದ ಮೇಜು ಹಿಡಿಸುವುದು, ಸೊಂಟಕ್ಕೆ ಪಟ್ಟಿ ಕಟ್ಟಿ ನಾವು ಹಿಡಿದುಕೊಳ್ಳುವುದು. ಎಲ್ಲವನ್ನೂ ಮಾಡಿದೆ. ಹೊಗಳಿದೆ, ಗದರಿದೆ. ದಿನ ಹೋದಂತೆ ತೊಡೆ ತೆಳುವಾಗುತ್ತಾ ಬಂತು. ಒಂದು ಸಂಜೆ ಅವರ ಎದೆಯಲ್ಲಿ ಗೊರಗೊರ ಸದ್ದು ಕೇಳಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಮನುಷ್ಯ ಇನ್ನು ಸ್ವಲ್ಪ ದಿನ ಹೀಗೆ ಮಲಗಿದರೆ ಮತ್ತೆ ಏಳುವುದಿಲ್ಲ ಎಂದು ಸರಳಾ ಅವರಿಗೆ ನೇರವಾಗಿ ಹೇಳಿದೆ.

ಆ ದಿನ ಗೆಳೆಯರಿಬ್ಬರೂ ಇರಲಿಲ್ಲ. ನಾನು ಸ್ಟೂಲ್ ಎಳೆದುಕೊಂಡು ಕೂತು, "ಅಷ್ಟು ಭಯಾನಾ ಸಾರ್?" ಎಂದೆ.

"ಬೀಳೋಕೆ ಭಯ ಇಲ್ಲಮ್ಮ. ಬಿದ್ದು ಬಿದ್ದೇ ಮುದುಕ ಆಗಿರೋದು ನಾನು," ಎಂದರು. ಫ್ಯಾನ್ ನೋಡುತ್ತಲೇ ಮುಂದುವರಿಸಿದರು. "ನಮ್ಮೋರು ಕೈ ಹಾಕಿದ್ಮೇಲೆ ಯಾರೂ ನೋಡ್ದೇ ಇರೋ ಗಾಡಿ ಹತ್ತಿದ್ದು ಜೀವನದಲ್ಲಿ ಅದೇ ಮೊದಲು. ಅದು ಮಡಚ್ಕೊಂಡಾಗ ಗೊತ್ತಾಯ್ತು, ಸೂರಿ ಇಲ್ಲ ಅಂತ. ಅಲ್ಲೀತನಕ ಗೊತ್ತೇ ಇರ್ಲಿಲ್ಲ ನೋಡಿ."

ಆಮೇಲೆ ಎಲ್ಲ ಹೇಳಿದರು. ಎರಡನೇ ಅಲೆಯ ಆ ಕೆಟ್ಟ ದಿನಗಳಲ್ಲಿ ಸೂರಿ ಆಸ್ಪತ್ರೆ ಸೇರಿ ನಾಲ್ಕೈದು ದಿನದಲ್ಲೇ ಹೋಗಿಬಿಟ್ಟರು. ವೆಂಕಟೇಶರಿಗೆ ಆಗ ತಮಗೇ ಜ್ವರ. ಮೋಹನರನ್ನು ಮನೆಯವರು ಹೊರಗೆ ಬಿಡಲಿಲ್ಲ. ಗೋವಿಂದಣ್ಣ ಬೈಕು ಹತ್ತಿ ಹೊರಟು, ಪೊಲೀಸರ ಬ್ಯಾರಿಕೇಡಿನಲ್ಲಿ ಕೈಮುಗಿದು ಅತ್ತು, ಹಿಂದಿರುಗಿದರು. ಗೆಳೆಯನ ಚಿತೆಯ ಹತ್ತಿರ ಮೂವರಲ್ಲಿ ಒಬ್ಬರೂ ಇರಲಿಲ್ಲ. ಅದೊಂದು ನಾಚಿಕೆ ಎದೆಯಲ್ಲಿ ಕೂತುಬಿಟ್ಟಿತು. ಪದ್ಮಾ ಅವರ ಮುಖ ಹೇಗೆ ನೋಡುವುದು ಎಂದು ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಾ ತಿಂಗಳುಗಳು ಕಳೆದವು. ಕಳೆದಷ್ಟೂ ಹೋಗುವುದು ಇನ್ನಷ್ಟು ಕಷ್ಟವಾಯಿತು. ಬನಶಂಕರಿ ಏನು ದೂರದ ಊರೇ? ಜಯನಗರದಿಂದ ಆಟೋದಲ್ಲಿ ಹತ್ತು ನಿಮಿಷ. ಮೂವರು ಗಂಡಸರು ಒಂದು ವರ್ಷ ಅಷ್ಟು ದೂರ ಹೋಗಲಾಗದೆ ಕೂತಿದ್ದರು.

ಕೆಲಸ ಆದರೆ ಸಾಕೆನ್ನುವ ನನಗೆ ತಕ್ಷಣ ಹೊಳೆದದ್ದು ಸುಲಭದ ದಾರಿ. ವಾಕರನ್ನು ಬೇರೆ ಯಾರಾದರೂ ನೋಡಿ ಪಾಸು ಮಾಡಿದರೆ ಆಯಿತಲ್ಲ? ಮರುದಿನ ಗೋವಿಂದಣ್ಣನಿಗೆ ಹೇಳಿದೆ. "ಸೂರಿ ಜಾಗದಲ್ಲಿ ನಾನಾ? ಆಗಕಿಲ್ಲ," ಎಂದುಬಿಟ್ಟರು. ಮೋಹನ್ ವಾಕರನ್ನು ಮುಟ್ಟಲೂ ಹಿಂಜರಿದರು. ನಾನು ನೋಡಿದ್ದೇನೆ ಎಂದರೆ ವೆಂಕಟೇಶ್ ಮೃದುವಾಗಿ, "ನೀವು ನಮ್ಮೋರಲ್ಲವಲ್ಲಮ್ಮ" ಎಂದರು. ಎಪ್ಪತ್ತು ದಾಟಿದ ಮೂವರು ಮಕ್ಕಳ ಮಧ್ಯೆ ಸಿಕ್ಕಿಕೊಂಡೆನಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರಳಾ, "ಪದ್ಮಾನ ಕರೀಬೇಕು," ಎಂದರು. ಮೂವರೂ ಒಟ್ಟಿಗೆ "ಬೇಡ" ಎಂದರು. ಸರಳಾ ಅವರ ಕಡೆ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿಕೊಂಡು, "ಬನ್ನಿ ಮೇಡಂ," ಎಂದರು.

ಪದ್ಮಾ ಅವರ ಮನೆ ಬನಶಂಕರಿ ಎರಡನೇ ಹಂತದಲ್ಲಿ, ಮೊದಲ ಮಹಡಿಯಲ್ಲಿ. ಕೆಳಗೆ ಬಾಡಿಗೆಯವರು. ಮೆಟ್ಟಿಲ ಅಡಿಯಲ್ಲಿ ಟಾರ್ಪಾಲು ಹೊದ್ದ ಬೈಕೊಂದು ನಿಂತಿತ್ತು. ಬಾಗಿಲು ತೆಗೆದ ಹೆಂಗಸು ತೆಳ್ಳಗೆ, ನೆಟ್ಟಗೆ ಇದ್ದರು.

"ಬನ್ನಿ ಸರಳಾ. ದಾರಿ ನೆನಪಿತ್ತಾ?" ಎಂದರು.

ಸರಳಾ ಅಳತೊಡಗಿದ್ದರಿಂದ ಮಾತೆಲ್ಲ ನನ್ನ ಪಾಲಿಗೆ ಬಂತು. ಸ್ಟೂಲಿನಿಂದ ಹಿಡಿದು ತೂತಿನ ವಾಕರಿನ ತನಕ ಎಲ್ಲ ಹೇಳಿದೆ. ನಾನು ಮುಗಿಸಿದ ಮೇಲೆ ಪದ್ಮಾ ಬಾಯಿಬಿಟ್ಟರು.

"ಅವತ್ತು ಬರ್ಲಿಲ್ಲ ಅಂತ ನನಗೆ ಸಿಟ್ಟಿಲ್ಲ ಮೇಡಂ. ಅವ್ರ ಮುಖ ನಾನೇ ಸರಿಯಾಗಿ ನೋಡ್ಲಿಲ್ಲ, ಪ್ಲಾಸ್ಟಿಕ್ ಸುತ್ತಿದ್ರು. ಆಮೇಲೆ? ಹೋಟ್ಲು ಬಾಗಿಲು ತೆಗೀತು, ಕಲ್ಯಾಣಮಂಟಪ ತೆಗೀತು. ಇವ್ರಿಗೆ ಮಾತ್ರ ನಮ್ಮನೆ ಮೆಟ್ಲು ಹತ್ತೋಕೆ ಆಗ್ಲಿಲ್ಲ. ಭಾನುವಾರ ಬಂದ್ರೆ ಮೂರೂ ಗಾಡಿ ಸದ್ದು ಈ ರೋಡಲ್ಲಿ ಕೇಳತ್ತೇನೋ ಅಂತ ಕಿಟಕಿ ಹತ್ರ ಕೂತಿರ್ತಿದ್ದೆ. ಈಗ ಅವ್ರಿಗೆ ನಡೀಬೇಕಾಗಿದೆ ಅಂತ ನಾನು ಬೇಕಾ?"

"ಅವ್ರು ಕರ್ದಿಲ್ಲಮ್ಮ. ನಿಮ್ಮ ಮುಂದೆ ಬರೋಕೆ ಅವ್ರಿಗೆ ಧೈರ್ಯ ಇಲ್ಲ. ಕರೀತಿರೋದು ನಾನು," ಎಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಫಿ ಕೊಟ್ಟರು. ಕುಡಿದು ಬಂದೆವು. ಇನ್ನು ವೆಂಕಟೇಶರನ್ನು ಮತ್ತೆ ಆಸ್ಪತ್ರೆಗೆ ಸೇರಿಸುವುದೇ ಸರಿ ಎಂದು ನಾನು ಆಟೋದಲ್ಲಿ ಸರಳಾಗೆ ಹೇಳುತ್ತಾ ಬಂದೆ.

ಮರುದಿನ ಭಾನುವಾರ. ನಾನು ವೆಂಕಟೇಶರ ಎದೆ ತಟ್ಟಿ ಕಫ ಸಡಿಲಿಸುತ್ತಿದ್ದೆ. ಗೆಳೆಯರಿಬ್ಬರೂ ಗೋಡೆಗೊರಗಿ ಕೂತಿದ್ದರು. ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಪದ್ಮಾ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಒಳಗೆ ಬಂದರು. ಗೋವಿಂದಣ್ಣ ಧಡಕ್ಕನೆ ಎದ್ದು ನಿಂತು, "ಅತ್ತಿಗೆ..." ಎಂದರು. ಪದ್ಮಾ ಯಾರ ಮುಖವನ್ನೂ ನೋಡಲಿಲ್ಲ.

"ಎಲ್ಲಿ ವಾಕರ್?" ಎಂದು ನನ್ನನ್ನು ಕೇಳಿದರು. ತೋರಿಸಿದೆ. "ನನಗೆ ಬೈಕಾದ್ರೆ ಗೊತ್ತು, ಅವ್ರು ನೋಡುವಾಗ ಟಾರ್ಚ್ ಹಿಡೀತಿದ್ದೆ. ಇದು ಗೊತ್ತಿಲ್ಲ. ಏನೇನು ನೋಡ್ಬೇಕು ಹೇಳ್ಕೊಡಿ."

ಹೇಳಿಕೊಟ್ಟೆ. ಕಾಲುಗಳ ತುದಿಯ ರಬ್ಬರ್ ಬುಷ್ ಸವೆದಿರಬಾರದು. ಎತ್ತರ ಹೊಂದಿಸುವ ಗುಂಡಿಗಳು ತೂತಿನಿಂದ ಪೂರ್ತಿ ಹೊರಗೆ ಬಂದು ಕೂತಿರಬೇಕು. ಮಡಚುವ ಲಾಕ್ ಕಟ್ಟೆಂದು ಬೀಳಬೇಕು. ಹಿಡಿಕೆ ತಿರುಗಬಾರದು. ಪದ್ಮಾ ನೆಲದ ಮೇಲೆ ಕೂತು ಒಂದೊಂದನ್ನೂ ನೋಡಿದರು. ಎರಡೆರಡು ಸಲ ನೋಡಿದರು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಪಾದ ನೆಲ ಬಿಡುವ ಹಾಗೆ ತಮ್ಮ ಪೂರ್ತಿ ಭಾರವನ್ನು ಅದರ ಮೇಲೆ ಹಾಕಿದರು. ಅದು ಅಲುಗಲಿಲ್ಲ. ಹಿಡಿದುಕೊಂಡು ಅಡುಗೆಮನೆಯ ತನಕ ನಡೆದು ವಾಪಸು ಬಂದರು. ಮೋಹನ್ ಕಣ್ಣು ಮುಚ್ಚಿಕೊಂಡಿದ್ದರು.

ಪದ್ಮಾ ಪರ್ಸಿನಿಂದ ಉಗುರು ಬಣ್ಣದ ಹೊಸ ಸೀಸೆ ತೆಗೆದರು. "ಫ್ಯಾನ್ಸಿ ಸ್ಟೋರಲ್ಲಿ ಅದೇ ಕೆಂಪು ಕೇಳ್ದೆ. ಈಗ ಆ ಕಲರ್ ಬರಲ್ವಂತೆ. ಇದೇ ಸಿಕ್ಕಿದ್ದು," ಎಂದರು. ಗಾಢವಾದ ಕಿತ್ತಳೆ ಬಣ್ಣ. ಪ್ರತಿ ಗುಂಡಿಯ ಮೇಲೂ ಒಂದು ಗೆರೆ ಎಳೆದರು. ಒಂದು ಗೆರೆ ಸೊಟ್ಟಗಾಯಿತು. ಒಣಗುವ ತನಕ ಊದಿದರು. ಕೊನೆಗೆ ಹಿಡಿಕೆಯನ್ನು ತಟ್ಟಿ, ಅಂದು ಮೊದಲ ಬಾರಿಗೆ ವೆಂಕಟೇಶರ ಕಣ್ಣು ನೋಡಿ ಹೇಳಿದರು:

"ನೋಡಿದ್ದೀನಿ ವೆಂಕಟೇಶ್. ಹತ್ತಿ."

ಆ ಆರಡಿ ಮನುಷ್ಯ ಮಗುವಿನ ಹಾಗೆ ಅತ್ತರು. ನಾನು ಸೊಂಟಕ್ಕೆ ಪಟ್ಟಿ ಬಿಗಿದೆ. ಅಳುತ್ತಲೇ ಎದ್ದರು. ಮೊಣಕಾಲು ಗಡಗಡ ಅಲುಗಿತು, ಬೆವರು ಮೀಸೆಗಿಳಿಯಿತು, ನಿಂತರು. ವಾಕರ್ ಮುಂದಿಟ್ಟರು, ಆಪರೇಷನ್ ಆದ ಕಾಲು ಇಟ್ಟರು, ಗಟ್ಟಿ ಕಾಲು ಇಟ್ಟರು. ಹಾಲು ದಾಟಿ ವರಾಂಡಾದ ಹೊಸಿಲ ತನಕ ಹೋದರು. ನನ್ನ ಕೈ ಪಟ್ಟಿಯ ಮೇಲಿತ್ತು, ನನ್ನ ಕಣ್ಣೂ ಒದ್ದೆಯಾಗಿತ್ತು. ವೃತ್ತಿಯಲ್ಲಿ ಇದು ಕೂಡದು ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದವಳು ನಾನೇ.

ಆಮೇಲಿನದೆಲ್ಲ ನಮ್ಮ ದಿನನಿತ್ಯದ ಕೆಲಸ. ನಮ್ಮಲ್ಲಿ ರೋಗಿಗೆ ಒಂದು ಗುರಿ ಕೇಳಿ ಬರೆದುಕೊಳ್ಳುವ ಪದ್ಧತಿಯಿದೆ. ದೇವಸ್ಥಾನಕ್ಕೆ ಹೋಗಬೇಕು, ಮೊಮ್ಮಗಳ ಮದುವೆಯಲ್ಲಿ ನಿಲ್ಲಬೇಕು, ಹೀಗೆ ಏನಾದರೂ ಹೇಳುತ್ತಾರೆ. ವೆಂಕಟೇಶ್ ಮತ್ತೆ ಬೈಕ್ ಹತ್ತಬೇಕು ಎನ್ನುತ್ತಾರೆಂದು ಬೈಯಲು ಸಿದ್ಧಳಾಗಿದ್ದೆ. "ಸೂರಿ ಮನೆ ಮೆಟ್ಟಿಲು" ಎಂದರು. ಆ ಮನೆ ಮೊದಲ ಮಹಡಿಯಲ್ಲಿದೆ ಎಂದು ನಾನು ಕಂಡಿದ್ದೆನಲ್ಲ, ಅದರಂತೆಯೇ ತಯಾರಿ ಮಾಡಿಸಿದೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ವಾಕರ್ ಹೋಗಿ ಕೋಲು ಬಂತು. ಕೋಲಿಗೂ ಒಂದು ಕಿತ್ತಳೆ ಗೆರೆ ಬಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೋದೆವು. ವೆಂಕಟೇಶ್ ಕೈಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ನಾನು ಹಿಂದೆ, ಮಿಕ್ಕಿಬ್ಬರು ನನ್ನ ಹಿಂದೆ. ನಡುವಿನ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡರು. ಯಾರೂ ಜೋಕು ಮಾಡಲಿಲ್ಲ. ಮೇಲೆ ಪದ್ಮಾ ಬಾಗಿಲು ಪೂರ್ತಿ ತೆರೆದು ನಿಂತಿದ್ದರು. ಹಾಲಿನ ಗೋಡೆಯ ಮೇಲೆ ಸೂರಿಯ ಫೋಟೋ. ಹಿಂದಿನ ಸಲ ಬಂದಾಗ ಗಮನಿಸಿರಲಿಲ್ಲ, ಆ ಮನುಷ್ಯನನ್ನು ನಾನು ಸರಿಯಾಗಿ ನೋಡಿದ್ದು ಆಗ. ದುಂಡು ಮುಖ, ಕನ್ನಡಕ, ಏನೋ ತಪ್ಪು ಹುಡುಕುತ್ತಿರುವ ಹಾಗೆ ಕಿರಿದು ಮಾಡಿದ ಕಣ್ಣು. ಮೂವರೂ ಅದರ ಮುಂದೆ ಸಾಲಾಗಿ ನಿಂತರು.

"ಬಂದ್ವಿ ಕಣೋ ಸೂರಿ. ಲೇಟಾಗೋಯ್ತು," ಎಂದರು ವೆಂಕಟೇಶ್.

"ಅವ್ರೇನೂ ಲೇಟ್ ಅಂದ್ಕೊಂಡಿರಲ್ಲ. ಅಂದ್ಕೊಂಡಿದ್ದು ನಾನು," ಎಂದರು ಪದ್ಮಾ. ಅಡುಗೆಮನೆಯ ಕಡೆ ತಿರುಗಿ, "ಕೂತ್ಕೊಳ್ಳಿ ಎಲ್ರೂ. ತಿಂಡಿ ಆಗಿದೆ."

ಅವರ ಪದ್ಧತಿ ಈಗಲೂ ನಡೆದಿದೆ. ಕೋಣನಕುಂಟೆಯ ಶೆಡ್ಡಿಗೆ ಭಾನುವಾರ ಬಿಟಿಎಂ ಕಡೆಯಿಂದ, ಹೊಸಕೆರೆಹಳ್ಳಿ ಕಡೆಯಿಂದ ಟ್ರ್ಯಾಕಿನಲ್ಲಿ ಓಡಿಸುವ ಹುಡುಗ ಹುಡುಗಿಯರು ಬರುತ್ತಾರೆ. ಗೋವಿಂದಣ್ಣ ಅವರಿಗೆ ಹಾಕುವ ಷರತ್ತು ಒಂದೇ: ತನ್ನ ಗಾಡಿ ತಾನು ಪಾಸು ಮಾಡುವ ಹಾಗಿಲ್ಲ. ಸೂರಿಯ ಕುರ್ಚಿಯಲ್ಲಿ ಪದ್ಮಾ ಕೂರುತ್ತಾರೆ. ಸೂರಿಯ ಗಾಡಿ ನೋಡುತ್ತಿದ್ದ ಮೋಹನ್ ಈಗ ಪದ್ಮಾ ಅವರ ಸ್ಕೂಟರ್ ನೋಡುತ್ತಾರೆ. ಅವರು ಬಣ್ಣ ಹಚ್ಚಿ ಮುಗಿಸುವ ತನಕ ಆಕೆ ಕೀಲಿ ಮುಟ್ಟುವುದಿಲ್ಲ. ನಮ್ಮ ಆಸ್ಪತ್ರೆಯಲ್ಲೂ ನಾನು ಇರುವ ತನಕ ಒಬ್ಬ ಥೆರಪಿಸ್ಟ್ ಹೊಂದಿಸಿದ ವಾಕರನ್ನು ಇನ್ನೊಬ್ಬರು ನೋಡದೆ ಹೊರಗೆ ಬಿಡುತ್ತಿರಲಿಲ್ಲ.

ಈಗ ನಿವೃತ್ತಳಾಗಿ ಜೆ.ಪಿ. ನಗರದ ಮನೆಯ ಮುಂಭಾಗದಲ್ಲೇ ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ನಮ್ಮ ವೃತ್ತಿಯಲ್ಲಿ ರೋಗಿ ಗುಣವಾದ ಮೇಲೆ ಫೈಲಿನಲ್ಲಿ ಬರೆಯುವ ಅತ್ಯುತ್ತಮ ಪದ ಇಂಡಿಪೆಂಡೆಂಟ್, ಅಂದರೆ ಯಾರ ನೆರವೂ ಬೇಕಿಲ್ಲದವರು. ಎಷ್ಟೋ ವರ್ಷ ಅದನ್ನು ಹೆಮ್ಮೆಯಿಂದ ಬರೆದಿದ್ದೇನೆ. ವೆಂಕಟೇಶರ ಫೈಲಿನಲ್ಲೂ ನಿಯಮದಂತೆ ಅದನ್ನೇ ಬರೆದೆ, ಆದರೆ ಬರೆಯುವಾಗ ಪೆನ್ನು ತಡೆಯಿತು. ಅಂದಿನಿಂದ ಚಿಕಿತ್ಸೆ ಮುಗಿಸುವ ದಿನ ಇನ್ನೊಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ: "ನಿಮ್ಮನ್ನ ನೋಡೋರು ಯಾರು?" ಬಹಳಷ್ಟು ಜನ ಒಂದು ಹೆಸರು ಹೇಳುತ್ತಾರೆ. ಮಗಳು, ಪಕ್ಕದ ಮನೆಯ ಆಂಟಿ, ವಾಕಿಂಗ್ ಗೆಳೆಯ, ಯಾರೋ ಒಬ್ಬರು. ಅವರನ್ನು ನಿಶ್ಚಿಂತೆಯಿಂದ ಕಳಿಸುತ್ತೇನೆ. ಕೆಲವರು ಏನೂ ಹೇಳದೆ ಕೋಲು ತಿರುಗಿಸುತ್ತಾ ಕೂರುತ್ತಾರೆ. ಅಂಥವರಿಗೆ ಮುಂದಿನ ವಾರವೂ ಬನ್ನಿ ಎನ್ನುತ್ತೇನೆ. ಅವರಿಗೆ ನಡೆಯಲು ನಾನು ಕಲಿಸುವುದೇನೂ ಉಳಿದಿರುವುದಿಲ್ಲ. ಆದರೂ ಬರಲಿ.